ಹೊಟ್ಟೆ ಆಪರೇಷನ್‌ಗೆ ಸರ್ಜನ್ ಹುಡುಕುವುದು ಹೇಗೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ

"ಸೋನೋಗ್ರಾಫಿ ಮಾಡಿಸಿದ್ವಿ, ಪಿತ್ತಕೋಶದಾಗ ಹರಳ ಅದಾವಂತ, ಯಾರ ಕಡೆ ತೋರಸೋಣು?" ಅಂತ ಕೇಳಿದರೆ ನಮ್ಮ ಕಡೆ ತಕ್ಷಣ ಒಂದು ಹೆಸರು ಸಿಗುತ್ತದೆ. ಜೊತೆಗೆ ಒಂದು ಸರ್ಟಿಫಿಕೇಟೂ ಸಿಗುತ್ತದೆ: "ಅವ್ರ ಕೈಗುಣ ಭಾಳ ಚಲೋ ಐತಿ." ಹೇಳಿದವರ ಭಾವನ ಹರ್ನಿಯಾ ಅವರೇ ಮಾಡಿರುತ್ತಾರೆ, ಅಷ್ಟೇ ಆಧಾರ. ಈ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಬ್ಬ ಮನುಷ್ಯ ಆರಾಮಾಗಿ ಮನೆಗೆ ಬಂದಿದ್ದಾನೆ ಅನ್ನುವುದೂ ಒಂದು ಮಾಹಿತಿಯೇ. ಆದರೆ ಹರ್ನಿಯಾ ಚೆನ್ನಾಗಿ ಮಾಡುವವರು ನಿಮ್ಮ ಅವ್ವನ ಪಿತ್ತಕೋಶಕ್ಕೂ ಸರಿಯಾದವರೇ ಅಂತ ಆ ಭಾವನಿಗೆ ಗೊತ್ತಿರುವುದಿಲ್ಲ. ಅದನ್ನು ನೀವೇ ಕೇಳಿ, ನೋಡಿ ತಿಳಿದುಕೊಳ್ಳಬೇಕು. ಕಷ್ಟವೇನಲ್ಲ.

ಟೈಮ್ ಇದೆಯೋ ಇಲ್ಲವೋ, ಅದು ಮೊದಲು

ಕೆಳಗೆ ಬರೆದಿರುವುದೆಲ್ಲ ನಾಲ್ಕು ದಿನ ಯೋಚಿಸಲು ಟೈಮ್ ಇರುವ ಆಪರೇಷನ್‌ಗಳಿಗೆ. ಹೊಟ್ಟೆ ಹಲಗೆಯ ಹಾಗೆ ಬಿಗಿಯಾಗಿದೆ, ಮುಟ್ಟಲು ಬಿಡುತ್ತಿಲ್ಲ. ವಾಂತಿ ನಿಲ್ಲುತ್ತಿಲ್ಲ, ಹೊಟ್ಟೆ ಉಬ್ಬಿದೆ, ಗ್ಯಾಸೂ ಹೋಗುತ್ತಿಲ್ಲ. ದಿನಾ ಮಲಗಿದರೆ ಒಳಗೆ ಹೋಗುತ್ತಿದ್ದ ಹರ್ನಿಯಾ ಗಂಟು ಇವತ್ತು ಹೋಗುತ್ತಿಲ್ಲ, ನೋಯುತ್ತಿದೆ. ಕಣ್ಣು ಹಳದಿಯಾಗಿ ಚಳಿಜ್ವರ ಬರುತ್ತಿದೆ. ಇಂಥದ್ದಾದರೆ ಡಿಗ್ರಿ ಓದುತ್ತಾ ಕೂರಬೇಡಿ. ಹತ್ತಿರದಲ್ಲಿ ಸರ್ಜನ್, ಅರಿವಳಿಕೆ ಡಾಕ್ಟರ್, ಐಸಿಯು ಮೂರೂ ಇರುವ ದವಾಖಾನೆಗೆ ಹೋಗಿ. ಬೆಳಗಾವಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಿಮ್ಸ್‌ನ ಜಿಲ್ಲಾ ಆಸ್ಪತ್ರೆ, ನೆಹರು ನಗರದ ಕೆಎಲ್‌ಇ ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ, ಬಿಎಲ್‌ಡಿಇ, ಅಲ್-ಅಮೀನ್, ಬಾಗಲಕೋಟೆ ನವನಗರದಲ್ಲಿ ಜಿಲ್ಲಾಸ್ಪತ್ರೆ, ಕುಮಾರೇಶ್ವರ ಆಸ್ಪತ್ರೆ. ಮೂರೂ ಊರಿನಲ್ಲಿ ಇಂಥ ದೊಡ್ಡ ಜಾಗಗಳಿವೆ ಅನ್ನುವುದು ನಮ್ಮ ಪುಣ್ಯ.

ಇನ್ನೊಂದು ವಿಷಯ. ಅಪೆಂಡಿಕ್ಸ್ ನೋವು ಎಷ್ಟೋ ಸಲ ಹೊಕ್ಕಳ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕೆಳಗೆ ಇಳಿಯುತ್ತದೆ. ಶುರುವಿನಲ್ಲೇ ಮನೆಯಲ್ಲಿ "ಬಟ್ಟಿ ಸರದೈತಿ" ಅಂತ ಹೊಟ್ಟೆ ತಿಕ್ಕಿಸಲು ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ಹರಳೆಣ್ಣೆ ಕುಡಿಸುತ್ತಾರೆ. ಎರಡೂ ಬೇಡ. ಬಾತುಕೊಂಡ ಅಪೆಂಡಿಕ್ಸ್ ಒಡೆದರೆ ಎರಡು ದಿನದಲ್ಲಿ ಮುಗಿಯಬೇಕಾದ ಕೆಲಸ ಎರಡು ವಾರಕ್ಕೆ ಹೋಗುತ್ತದೆ.

ಬೋರ್ಡಿನ ಮೇಲಿನ ಅಕ್ಷರಗಳು

ಹೆಸರಿನ ಮುಂದೆ ಎಷ್ಟು ಅಕ್ಷರ ಜಾಸ್ತಿಯೋ ಅಷ್ಟು ದೊಡ್ಡ ಡಾಕ್ಟರ್ ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಎಂಬಿಬಿಎಸ್ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಅದು ಅಲೋಪತಿ ಡಾಕ್ಟರರೆಲ್ಲರಿಗೂ ಇರುತ್ತದೆ. ನೀವು ಹುಡುಕಬೇಕಾದದ್ದು ಅದರ ಮೇಲಿನ ಎಂ.ಎಸ್. ಜನರಲ್ ಸರ್ಜರಿ ಅಥವಾ ಡಿಎನ್‌ಬಿ ಜನರಲ್ ಸರ್ಜರಿ. ಎರಡೂ ಸರ್ಜನ್ ಆಗುವ ದಾರಿಗಳೇ, ಒಂದು ಮೇಲು ಇನ್ನೊಂದು ಕೀಳು ಅಂತಿಲ್ಲ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ವಾರ್ಡು, ಆಪರೇಷನ್ ಥಿಯೇಟರು, ರಾತ್ರಿ ಡ್ಯೂಟಿ ಅಂತ ತಿರುಗಿ ಕಲಿತಿರುತ್ತಾರೆ. ಬರೀ "ಎಂ.ಎಸ್." ಅಂತಿದ್ದರೆ ಯಾವುದರಲ್ಲಿ ಅಂತ ನೋಡಿ, ಯಾಕೆಂದರೆ ಎಲುಬಿನವರೂ ಎಂ.ಎಸ್., ಕಿವಿ-ಮೂಗು-ಗಂಟಲಿನವರೂ ಎಂ.ಎಸ್., ಹೆರಿಗೆ ಡಾಕ್ಟರೂ ಎಂ.ಎಸ್. ಇರಬಹುದು.

ಅದರ ಮೇಲೆ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿ ಅಂತಿದ್ದರೆ ಇನ್ನೂ ಮೂರು ವರ್ಷ ಬರೀ ಜಠರ, ಕರುಳು, ಲಿವರ್, ಪ್ಯಾಂಕ್ರಿಯಾಸ್ ಆಪರೇಷನ್ ಕಲಿತವರು. ಇಲ್ಲಿ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಡಿಎಂ ಗ್ಯಾಸ್ಟ್ರೋಎಂಟರಾಲಜಿ ಅಂದರೆ ಅವರು ಸರ್ಜನ್ ಅಲ್ಲ. ಎಂಡೋಸ್ಕೋಪಿ ಮಾಡುತ್ತಾರೆ, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಹರಳನ್ನು ಬಾಯಿಯ ಮೂಲಕ ಪೈಪು ಹಾಕಿ ತೆಗೆಯುತ್ತಾರೆ, ಅದಕ್ಕೆ ಇಆರ್‌ಸಿಪಿ ಅನ್ನುತ್ತಾರೆ. ಹೊಟ್ಟೆ ಕೊಯ್ಯುವುದು ಅವರ ಕೆಲಸ ಅಲ್ಲ. ಇಬ್ಬರೂ ಬೇಕಾಗುವ ಕೇಸುಗಳಿವೆ, ಅದು ಬೇರೆ ಮಾತು.

ಎಫ್‌ಎಂಎಎಸ್, ಎಫ್‌ಐಎಜಿಇಎಸ್ ಇವು ಲ್ಯಾಪರೊಸ್ಕೋಪಿಗೆ, ಅಂದರೆ ಸಣ್ಣ ತೂತು ಮಾಡಿ ದುರ್ಬೀನಿನಿಂದ ಮಾಡುವ ಆಪರೇಷನ್‌ಗೆ ಸಂಬಂಧಪಟ್ಟ ಫೆಲೋಶಿಪ್‌ಗಳು. ಕೆಲವು ದಿನಗಳ ಕೋರ್ಸ್, ಪರೀಕ್ಷೆ ಇರುತ್ತದೆ. ಇದ್ದರೆ ಒಳ್ಳೆಯದು, ಆಸಕ್ತಿ ಇದೆ ಅಂತ ಅರ್ಥ. ಆದರೆ ಮೂರು ವರ್ಷದ ಎಂಸಿಎಚ್‌ನ ಪಕ್ಕ ಇವನ್ನು ಇಟ್ಟು ತೂಗಬೇಡಿ. ಎಫ್‌ಎನ್‌ಬಿ ಮಿನಿಮಲ್ ಆಕ್ಸೆಸ್ ಸರ್ಜರಿ ಅಂತಿದ್ದರೆ ಅದು ಎರಡು ವರ್ಷದ ತರಬೇತಿ, ಅದಕ್ಕೆ ತೂಕ ಜಾಸ್ತಿ.

ಎಂ.ಎಸ್. ಆಯುರ್ವೇದ, ಶಲ್ಯತಂತ್ರ ಅಂತಲೂ ಬೋರ್ಡುಗಳಿರುತ್ತವೆ. ಅದು ಆಯುರ್ವೇದದ ಶಸ್ತ್ರಚಿಕಿತ್ಸೆಯ ಪಿಜಿ. ಭಗಂದರಕ್ಕೆ (ಫಿಸ್ಟುಲಾ) ಕ್ಷಾರಸೂತ್ರ ಅನ್ನುವ ಔಷಧಿ ದಾರ ಕಟ್ಟಿಸಿಕೊಳ್ಳಲು ಜನ ಹುಡುಕಿಕೊಂಡು ಹೋಗುವುದು ಇವರ ಹತ್ತಿರವೇ. 2020ರ ನವೆಂಬರಿನ ಕೇಂದ್ರದ ಅಧಿಸೂಚನೆಯಲ್ಲಿ ಇವರ ತರಬೇತಿಗೆ ಸೇರಿಸಿದ ಆಪರೇಷನ್‌ಗಳ ಪಟ್ಟಿ ಬಂದಾಗ ದೊಡ್ಡ ಗಲಾಟೆಯೇ ಆಗಿತ್ತು. ನಾನು ಆ ಜಗಳಕ್ಕೆ ಹೋಗುವುದಿಲ್ಲ. ನಿಮ್ಮ ಹೊಟ್ಟೆಗೆ ಕೈ ಹಾಕುವವರು ಯಾವ ಪದ್ಧತಿಯಲ್ಲಿ ಕಲಿತವರು ಅಂತ ನಿಮಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ನಿಜವೋ ಸುಳ್ಳೋ ಅಂತ ನೋಡುವುದು ಸುಲಭ. ಡಾಕ್ಟರು ಬರೆದುಕೊಡುವ ಚೀಟಿಯ ಮೇಲೆ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು, ಅದು ನಿಯಮ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ. ಹೆಸರು ಅಥವಾ ನಂಬರ್ ಹಾಕಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ಆರಿಸಿ, ಹುಡುಕಿ. ನಿಮ್ಮ ಮನೆಯ ಕಾಲೇಜು ಹುಡುಗರಿಗೆ ಹೇಳಿದರೆ ಐದು ನಿಮಿಷದ ಕೆಲಸ. ಖಾಸಗಿ ದವಾಖಾನೆಗೂ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಇರಬೇಕು. ಆ ಸರ್ಟಿಫಿಕೇಟು ಕಾಣುವ ಹಾಗೆ ಗೋಡೆ ಮೇಲೆ ತೂಗುಹಾಕಿದ್ದಾರೋ ನೋಡಿ.

ಯಾವುದಕ್ಕೆ ಯಾರು

ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶದ ಹರಳು, ಅಲ್ಸರ್ ತೂತು ಬಿದ್ದದ್ದು, ಟೈಫಾಯ್ಡ್‌ನಿಂದ ಕರುಳು ತೂತಾದದ್ದು, ಕರುಳು ಕಟ್ಟಿಕೊಂಡದ್ದು, ಮೂಲವ್ಯಾಧಿ. ಇವೆಲ್ಲ ಜನರಲ್ ಸರ್ಜನ್‌ನ ದಿನನಿತ್ಯದ ಕೆಲಸ. ಇದಕ್ಕಾಗಿ ಬೆಂಗಳೂರಿಗೆ, ಮುಂಬಯಿಗೆ ಹೋಗುವುದು ಸುಮ್ನೆ ಖರ್ಚು. ಅಥಣಿ, ಚಿಕ್ಕೋಡಿ ಕಡೆಯವರು ಮೀರಜ್‌ಗೆ, ಇಂಡಿ ಕಡೆಯವರು ಸೊಲ್ಲಾಪುರಕ್ಕೆ ಹೋಗುವುದು ಮೊದಲಿನಿಂದ ರೂಢಿ. ಹತ್ತಿರ, ಪರಿಚಯ ಇದೆ ಅನ್ನುವುದಾದರೆ ಸರಿ.

ಪ್ಯಾಂಕ್ರಿಯಾಸ್ ಗಡ್ಡೆ, ಲಿವರ್ ಕತ್ತರಿಸುವುದು, ಅನ್ನನಾಳ, ಗುದನಾಳದ ಕ್ಯಾನ್ಸರ್, ಮೊದಲ ಆಪರೇಷನ್‌ನಲ್ಲಿ ಪಿತ್ತನಾಳಕ್ಕೆ ಪೆಟ್ಟಾದದ್ದು, ಇವಕ್ಕೆ ಸರ್ಜಿಕಲ್ ಗ್ಯಾಸ್ಟ್ರೋದವರನ್ನು ಕೇಳಿ, ಕ್ಯಾನ್ಸರ್ ಆದರೆ ಸರ್ಜಿಕಲ್ ಆಂಕಾಲಜಿಸ್ಟರನ್ನೂ ನೋಡಬಹುದು. ಒಳ್ಳೆಯ ಜನರಲ್ ಸರ್ಜನ್ ತಾವಾಗಿಯೇ "ಇದು ನನ್ನದಲ್ಲ, ಅಲ್ಲಿಗೆ ಹೋಗ್ರಿ" ಅಂತ ಚೀಟಿ ಬರೆದುಕೊಡುತ್ತಾರೆ. ಹಾಗೆ ಕಳಿಸಿದವರ ಬಗ್ಗೆ ಊರಲ್ಲಿ "ಅವ್ರ ಕೈಲಿ ಆಗ್ಲಿಲ್ಲ" ಅಂತ ಮಾತಾಡುತ್ತಾರೆ, ನನಗಂತೂ ಅಂಥವರ ಮೇಲೆಯೇ ನಂಬಿಕೆ ಜಾಸ್ತಿ.

ಹಾಗೆಯೇ "ಈಗ ಆಪರೇಷನ್ ಬೇಡ" ಅನ್ನುವವರ ಮೇಲೆ. ಬೇರೆ ಯಾವುದಕ್ಕೋ ಸೋನೋಗ್ರಾಫಿ ಮಾಡಿದಾಗ ಪಿತ್ತಕೋಶದಲ್ಲಿ ಹರಳು ಕಂಡಿತು, ಆದರೆ ನೋವೇ ಇಲ್ಲ ಅಂದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಬಲ ಪಕ್ಕೆಯ ಕೆಳಗೆ ನೋವು ಪದೇ ಪದೇ ಬರುತ್ತಿದ್ದರೆ, ಪಿತ್ತಕೋಶ ಬಾತಿದ್ದರೆ, ಹರಳು ನಾಳಕ್ಕೆ ಜಾರಿ ಕಾಮಣಿ ಆದರೆ ಲೆಕ್ಕ ಬೇರೆ. ಅದೇ ರೀತಿ ಆ ಹರಳು ಮಾತ್ರ ತೆಗೆದು ಪಿತ್ತಕೋಶ ಉಳಿಸಿ ಅಂತ ಕೇಳಬೇಡಿ. ಪಿತ್ತಕೋಶವನ್ನೇ ತೆಗೆಯುತ್ತಾರೆ, ಇಲ್ಲದಿದ್ದರೆ ಹರಳು ಮತ್ತೆ ಆಗುತ್ತದೆ. ಅದಿಲ್ಲದೆ ಊಟ ಅರಗುತ್ತದೆ, ಯಾಕೆಂದರೆ ಪಿತ್ತ ತಯಾರಾಗುವುದು ಲಿವರ್‌ನಲ್ಲಿ.

ಎದುರಿಗೆ ಕೂತಾಗ

ಓಪಿಡಿಯಲ್ಲಿ ನೂರು ಜನ ಕಾಯುತ್ತಿರುತ್ತಾರೆ, ನಿಮಗೆ ಸಿಗುವುದು ಐದು ನಿಮಿಷ. ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆಯ ರಿಪೋರ್ಟು, ಬಿಪಿ, ಸಕ್ಕರೆ ಕಾಯಿಲೆ ಗುಳಿಗೆಗಳ ಸ್ಟ್ರಿಪ್ಪು ಎಲ್ಲ ಚೀಲದಲ್ಲಿ ಹಾಕಿಕೊಳ್ಳಿ. ಮನೆಯವರು ಹತ್ತು ಜನ ಒಳಗೆ ನುಗ್ಗಬೇಡಿ, ಮಾತಾಡುವವರು ಒಬ್ಬರಿರಲಿ.

ಮೊದಲು ಕೇಳಬೇಕಾದದ್ದು: "ಸರ್, ಆಪರೇಷನ್ ಮಾಡಲಿಲ್ಲ ಅಂದ್ರ ಏನಾಗತೈತ್ರಿ?" ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಡಾಕ್ಟರು ಹೇಗೆ ಯೋಚಿಸುತ್ತಾರೆ ಅಂತ ಅರ್ಧ ಗೊತ್ತಾಗುತ್ತದೆ. ಕಾದು ನೋಡಬಹುದು, ಈ ಲಕ್ಷಣ ಬಂದರೆ ಬನ್ನಿ ಅಂತ ಬಿಡಿಸಿ ಹೇಳುವವರು ಬೇರೆ, "ಬಿಟ್ರ ಕ್ಯಾನ್ಸರ್ ಆಗತೈತಿ" ಅಂತ ಹೆದರಿಸಿ ಇವತ್ತೇ ಅಡ್ಮಿಟ್ ಆಗಿ ಅನ್ನುವವರು ಬೇರೆ.

ಎರಡನೆಯದು, ಇದೇ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡ್ತೀರಿ? ಬೇಜಾರಾಗುತ್ತಾರೇನೋ ಅಂತ ಸಂಕೋಚ ಬೇಡ. ದಿನಾ ಮಾಡುವವರು ಸಲೀಸಾಗಿ ಹೇಳುತ್ತಾರೆ. ಹೊಟ್ಟೆ ಸರ್ಜರಿಯಲ್ಲಿ ಒಟ್ಟು ಅನುಭವ ಎಷ್ಟು ವರ್ಷ ಅನ್ನುವುದಕ್ಕಿಂತ ಇದೇ ಕೆಲಸದಲ್ಲಿ ಕೈ ಎಷ್ಟು ಓಡಿದೆ ಅನ್ನುವುದು ಮುಖ್ಯ. ಇಪ್ಪತ್ತು ವರ್ಷದ ಸರ್ವಿಸ್ ಇದ್ದು ದುರ್ಬೀನಿನ ಹರ್ನಿಯಾ ವರ್ಷಕ್ಕೆ ನಾಲ್ಕು ಮಾಡುವವರಿರಬಹುದು, ಎಂಟು ವರ್ಷದ ಸರ್ವಿಸ್‌ನಲ್ಲಿ ವಾರಕ್ಕೆ ನಾಲ್ಕು ಮಾಡುವವರೂ ಇರಬಹುದು. ನಿಮಗೆ ಬೇಕಾದದ್ದು ಎರಡನೆಯವರು.

ಮೂರನೆಯದು, ತೊಂದರೆ ಏನಾಗಬಹುದು, ಆದರೆ ಏನು ಮಾಡ್ತೀರಿ? ಪಿತ್ತಕೋಶ ತೆಗೆಯುವಾಗ ಪಕ್ಕದ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಎಲ್ಲ ಸರ್ಜನ್‌ಗಳಿಗೂ ಗೊತ್ತಿರುವ ಅಪಾಯ. ಸಾವಿರಕ್ಕೆ 3ರಿಂದ 5 ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ಕಡಿಮೆಯೇ, ಆದರೆ ಆದವರಿಗೆ ದೊಡ್ಡದು. ಅದನ್ನು ತಪ್ಪಿಸಲು 1995ರಿಂದ ಒಂದು ಶಿಸ್ತು ಇದೆ: ಪಿತ್ತಕೋಶಕ್ಕೆ ಹೋಗುವ ನಾಳ ಒಂದು, ರಕ್ತನಾಳ ಒಂದು, ಈ ಎರಡೇ ಎರಡು ಬಿಡಿಯಾಗಿ ಕಣ್ಣಿಗೆ ಕಾಣುವವರೆಗೆ ಏನನ್ನೂ ಕತ್ತರಿಸಬಾರದು. ಸರಿಯಾಗಿ ಕಾಣದಿದ್ದರೆ ದುರ್ಬೀನು ಬಿಟ್ಟು ಹೊಟ್ಟೆ ತೆರೆಯಬಹುದು, ಅಥವಾ ಪಿತ್ತಕೋಶದ ಒಂದು ಭಾಗ ಉಳಿಸಿ ಹೊರಗೆ ಬರಬಹುದು. "ನಮ್ಮಲ್ಲಿ ಏನೂ ಆಗೋದಿಲ್ಲ, ಕಾಳಜಿ ಬಿಡ್ರಿ" ಅನ್ನುವ ಉತ್ತರ ಕಿವಿಗೆ ಹಿತ. ನಾನಾದರೆ "ಅಗತ್ಯ ಬಿದ್ದರೆ ಓಪನ್ ಮಾಡ್ತೀನಿ, ಅದಕ್ಕೂ ಒಪ್ಪಿಗೆ ಇರಲಿ" ಅನ್ನುವವರನ್ನು ಆರಿಸುತ್ತೇನೆ.

ರಾತ್ರಿ ಯಾರಿರುತ್ತಾರೆ?

ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯ, ಯಾರೂ ಕೇಳುವುದಿಲ್ಲ. ಗೋಕಾಕ, ಜಮಖಂಡಿ, ಮುಧೋಳ, ಇಳಕಲ್, ಸಿಂದಗಿಯಂಥ ಊರುಗಳ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಸರ್ಜನ್ ಹೊರಗಿನಿಂದ ಬರುತ್ತಾರೆ. ಬೆಳಗ್ಗೆ ಕಾರಿನಲ್ಲಿ ಬಂದು, ನಾಲ್ಕು ಆಪರೇಷನ್ ಮುಗಿಸಿ, ಸಂಜೆ ವಾಪಸ್. ಇದು ಕೆಟ್ಟದ್ದಲ್ಲ, ಎಷ್ಟೋ ಜನರಿಗೆ ಮನೆ ಹತ್ತಿರ ಆಪರೇಷನ್ ಆಗುವುದು ಇದರಿಂದಲೇ. ಆದರೆ ಹೊಟ್ಟೆ ಆಪರೇಷನ್‌ನ ತೊಂದರೆಗಳು ಟೇಬಲ್ ಮೇಲೆಯೇ ಕಾಣಿಸಿಕೊಳ್ಳುವುದಿಲ್ಲ. ರಕ್ತಸ್ರಾವ ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ ಗೊತ್ತಾಗುತ್ತದೆ. ಪಿತ್ತ ಸೋರುವುದು ಎರಡು-ಮೂರು ದಿನ ಬಿಟ್ಟು. ಕರುಳು ಕತ್ತರಿಸಿ ಜೋಡಿಸಿದ್ದರೆ ಆ ಜೋಡಣೆ ಬಿಟ್ಟುಕೊಳ್ಳುವುದು ಸಾಮಾನ್ಯವಾಗಿ ಐದನೇ ದಿನದ ಆಸುಪಾಸು. ಅಷ್ಟೊತ್ತಿಗೆ ಸರ್ಜನ್ ಎಲ್ಲಿರುತ್ತಾರೆ? ನಾಡಿ ಜೋರಾಗಿ ಓಡುತ್ತಿದೆ, ಹೊಟ್ಟೆ ಉಬ್ಬುತ್ತಿದೆ ಅಂತ ರಾತ್ರಿ ಎರಡು ಗಂಟೆಗೆ ಗುರುತಿಸುವವರು ಯಾರು? ಬರೀ ಸಿಸ್ಟರೋ, ಒಬ್ಬ ಡ್ಯೂಟಿ ಡಾಕ್ಟರೋ?

ಅದಕ್ಕೇ ಕೇಳಿ: ಆಪರೇಷನ್ ಆದ ಮೇಲೆ ದಿನಾ ನೋಡಲು ಯಾರು ಬರುತ್ತಾರೆ, ರಾತ್ರಿ ಯಾರಿರುತ್ತಾರೆ, ಮತ್ತೆ ಥಿಯೇಟರಿಗೆ ಒಯ್ಯಬೇಕಾದರೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ, ರಕ್ತ ಎಲ್ಲಿಂದ ಬರುತ್ತದೆ. ಅರಿವಳಿಕೆ ಕೊಡುವವರು ಎಂ.ಡಿ. ಅನಸ್ತೇಶಿಯಾ ಮಾಡಿದವರೇ, ಆಪರೇಷನ್‌ಗೆ ಮುಂಚೆ ನಮ್ಮನ್ನು ಒಮ್ಮೆ ನೋಡುತ್ತಾರಾ? ಸರ್ಜನ್ ಬಗ್ಗೆ ಅಷ್ಟೆಲ್ಲ ವಿಚಾರಿಸಿ ಇವರ ಹೆಸರೇ ಗೊತ್ತಿಲ್ಲದೆ ಒಳಗೆ ಹೋಗುವವರೇ ಜಾಸ್ತಿ. ಎಪ್ಪತ್ತು ದಾಟಿದ ಅಜ್ಜ, ಹೃದಯ ವೀಕ್, ಸಕ್ಕರೆ ಕಾಯಿಲೆ ಅಂದರೆ ಸಣ್ಣ ಆಪರೇಷನ್ ಆದರೂ ಐಸಿಯು ಇರುವ ಜಾಗವೇ ಲೇಸು.

ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಬಗ್ಗೆ ಒಂದು ಭಯ ಇದೆ, "ಅಲ್ಲಿ ಕಲಿಯೋ ಹುಡುಗ್ರು ಕೊಯ್ತಾರ". ಪಿಜಿ ವಿದ್ಯಾರ್ಥಿಗಳು ಇರುತ್ತಾರೆ, ನಿಜ. ಜೊತೆಗೆ ದೊಡ್ಡವರೂ ಇರುತ್ತಾರೆ. ಆಪರೇಷನ್‌ನ ಮುಖ್ಯ ಭಾಗ ಯಾರು ಮಾಡುತ್ತಾರೆ ಅಂತ ಯೂನಿಟ್ ಮುಖ್ಯಸ್ಥರನ್ನೇ ಕೇಳಬಹುದು. ಆದರೆ ರಾತ್ರಿ ಎರಡು ಗಂಟೆಗೆ ಹೊಟ್ಟೆ ಮುಟ್ಟಿ ನೋಡುವವರು ಆ ಹುಡುಗರೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ದುರ್ಬೀನೋ, ಓಪನ್ನೋ

ದುರ್ಬೀನಿನಿಂದ ಪಿತ್ತಕೋಶ ತೆಗೆದದ್ದು ಜಗತ್ತಿನಲ್ಲಿ ಮೊದಲು 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ. ನಮ್ಮ ದೇಶದಲ್ಲಿ 1990ರಲ್ಲಿ, ಮುಂಬಯಿಯ ಡಾ. ತೆಹ್ಮ್‌ಟನ್ ಉದ್ವಾಡಿಯಾ. ಈಗ ಪಿತ್ತಕೋಶಕ್ಕೆ ಅದೇ ಮೊದಲ ಆಯ್ಕೆ: ಸಣ್ಣ ನಾಲ್ಕು ತೂತು, ಒಂದೆರಡು ದಿನದಲ್ಲಿ ಮನೆ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗಾಳಿ ತುಂಬಿರುತ್ತಾರೆ, ಅದರಿಂದ ಮರುದಿನ ಭುಜ ನೋಯುತ್ತದೆ. ಹಾರ್ಟಿನದು ಅಂತ ಗಾಬರಿ ಬೀಳುವವರು ತುಂಬಾ ಜನ, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಉಸಿರಾಟಕ್ಕೆ ತೊಂದರೆ, ಎದೆ ಬಿಗಿತ ಇದ್ದರೆ ಮಾತ್ರ ಕೂಡಲೇ ಹೇಳಿ.

ಹರ್ನಿಯಾದಲ್ಲಿ ಮಾತ್ರ "ದುರ್ಬೀನೇ ಬೇಕು" ಅಂತ ಹಟ ಹಿಡಿಯಬೇಡಿ. ತೊಡೆಸಂದಿನ ಹರ್ನಿಯಾವನ್ನು ಓಪನ್ ಆಗಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಜಾಳಿಗೆ (ಮೆಶ್) ಹಾಕಿ ಮಾಡುವುದು ಇಂದಿಗೂ ಒಳ್ಳೆಯ ಆಪರೇಷನ್. ಬೀಡಿ ಸೇದಿ ಶ್ವಾಸಕೋಶ ಹಾಳಾದ ಹಿರಿಯರಿಗೆ ಪೂರ್ತಿ ಅರಿವಳಿಕೆ ಕೊಟ್ಟು ದುರ್ಬೀನಿನಿಂದ ಮಾಡುವುದಕ್ಕಿಂತ ಅದೇ ಸುರಕ್ಷಿತ ಇರಬಹುದು. ಎರಡೂ ಕಡೆ ಇದ್ದರೆ, ಓಪನ್ ಮಾಡಿಸಿದ್ದು ಮತ್ತೆ ಬಂದಿದ್ದರೆ ದುರ್ಬೀನು ಉಪಯೋಗ. ಕಬ್ಬಿನ ಕಟಾವು ಮುಗಿದ ಮೇಲೆ ಮಾಡಿಸೋಣ ಅಂತ ಮುಂದೂಡುವವರು ಇದನ್ನೂ ಕೇಳಿಕೊಳ್ಳಿ: ಗಂಟು ಸಲೀಸಾಗಿ ಒಳಗೆ ಹೋಗುತ್ತಿದೆಯಾ, ಅಷ್ಟು ದಿನ ಕಾಯಬಹುದಾ ಅಂತ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಕಬ್ಬಿನ ಹೊರೆ, ಗೊಬ್ಬರದ ಚೀಲ ಎತ್ತುವ ಹಾಗಿಲ್ಲ.

ದುಡ್ಡು, ಕಾರ್ಡು, ಸಹಿ

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಎಪಿಎಲ್‌ನವರಿಗೆ ಯೋಜನೆಯ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ತೆಗೆದುಕೊಂಡು ಖಾಸಗಿಗೆ. ಈ ಚೀಟಿ ಇಲ್ಲದೆ ನೇರ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳಲು ಆರೋಗ್ಯ ಮಿತ್ರ ಅಂತ ಒಬ್ಬರಿರುತ್ತಾರೆ, ಮೊದಲು ಅವರನ್ನು ಹುಡುಕಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ 2022ರಲ್ಲಿ ಮತ್ತೆ ಶುರುವಾಗಿದೆ. ಮೀರಜ್, ಸೊಲ್ಲಾಪುರಕ್ಕೆ ಹೋಗುವವರು ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಹೊರಡುವ ಮುಂಚೆಯೇ ಫೋನ್ ಮಾಡಿ.

ಸಹಿ ಹಾಕುವ ಕಾಗದದಲ್ಲಿ ಯಾವ ಆಪರೇಷನ್, ಯಾರು ಮಾಡುತ್ತಾರೆ ಅಂತ ಬರೆದಿರಬೇಕು. ಖಾಲಿ ಫಾರ್ಮಿಗೆ ಸಹಿ ಬೇಡ. ಒಂದಕ್ಕೆ ಒಪ್ಪಿಗೆ ಪಡೆದು, ಜೀವಕ್ಕೆ ಅಪಾಯವಿಲ್ಲದಿರುವಾಗ ಇನ್ನೊಂದು ಆಪರೇಷನ್ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ.

ಹಿಂದಿನ ದಿನದ ವಿಷಯ ಬೇಗ ಹೇಳಿಬಿಡುತ್ತೇನೆ. ರೊಟ್ಟಿ ಊಟ ಕನಿಷ್ಠ 6 ಗಂಟೆ ಮುಂಚೆ ನಿಲ್ಲಬೇಕು, ಬರೀ ನೀರು 2 ಗಂಟೆ ಮುಂಚೆ. ಚಹಾಕ್ಕೆ ಹಾಲು ಹಾಕಿದ್ದರೆ ಅದು ಊಟದ ಲೆಕ್ಕ, "ಒಂದ ಗುಟುಕ ಚಹಾ" ಅಂತ ಕುಡಿಸಬೇಡಿ. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ವಾರ ಮುಂಚೆಯೇ ತಿಳಿಸಿ, ನೀವೇ ನಿಲ್ಲಿಸಬೇಡಿ. ಬೀಡಿ-ಸಿಗರೇಟು ಸಾಧ್ಯವಾದರೆ 4 ವಾರ ಮೊದಲೇ ಬಿಡಿಸಿ.

ಮನೆಗೆ ಬರುವಾಗ

ಡಿಸ್ಚಾರ್ಜ್ ಕಾರ್ಡಿನಲ್ಲಿ ಏನು ಕಂಡಿತು, ಏನು ಮಾಡಿದರು ಅಂತ ಬರೆದಿದ್ದಾರಾ ನೋಡಿ. ಬರೀ "ಆಪರೇಷನ್ ಆಗಿದೆ" ಅಂತಿದ್ದರೆ ಬಿಡಿಸಿ ಬರೆಸಿಕೊಳ್ಳಿ. ಹೆಚ್ಚಿನ ದಾಖಲೆ ಬೇಕಿದ್ದರೆ ಅರ್ಜಿ ಕೊಡಿ, ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ. ತೆಗೆದ ಪಿತ್ತಕೋಶ, ಅಪೆಂಡಿಕ್ಸ್, ಕರುಳಿನ ತುಂಡನ್ನು ಲ್ಯಾಬಿಗೆ ಕಳಿಸಿದ್ದಾರಾ ಅಂತ ಕೇಳಿ. ಹರಳನ್ನು ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ, ಅದನ್ನು ಊರಿಗೆಲ್ಲ ತೋರಿಸುತ್ತಾರೆ, ಬಯಾಪ್ಸಿ ರಿಪೋರ್ಟು ಮಾತ್ರ ಲ್ಯಾಬಿನಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಸರ್ಜನ್‌ಗೂ ಅನುಮಾನ ಬರದ ಕ್ಯಾನ್ಸರ್ ಆ ರಿಪೋರ್ಟಿನಲ್ಲಿ ಸಿಗುತ್ತದೆ.

ಜ್ವರ, ಕಣ್ಣು ಹಳದಿ, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ, ಗಾಯದಿಂದ ಕೀವು, ನೋವು ಕಡಿಮೆಯಾಗುವ ಬದಲು ದಿನಾ ಏರುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಹೊಲಿಗೆ ಬಿಚ್ಚುವ ತಾರೀಖಿಗೆ ಕಾಯದೆ ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ. ಅದಕ್ಕೆ ರಾತ್ರಿ ಹೊತ್ತಲ್ಲಿ ಎತ್ತುವ ನಂಬರ್ ಯಾವುದು ಅಂತ ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ, ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ.